ಗ್ಯಾಸ್ ಗೀಸರಿಗೂ ಗಾಳಿ ಬೇಕು: ಬಯಲುಸೀಮೆಯ ಚಳಿಗಾಲಕ್ಕೊಂದು ಎಚ್ಚರಿಕೆ

ಚಿಕ್ಕಬಳ್ಳಾಪುರ ಜಿಲ್ಲೆಯ ಡಿಸೆಂಬರ್, ಜನವರಿ ತಿಂಗಳ ಚಳಿ ಕರಾವಳಿಯಲ್ಲಿ ಹುಟ್ಟಿ ಬೆಳೆದವರಿಗೆ ಸುಲಭವಾಗಿ ಒಗ್ಗುವಂಥದ್ದಲ್ಲ. ನಮ್ಮ ಧರ್ಮಕೇಂದ್ರಗಳ ಯುವಕ ಯುವತಿಯರು ಉದ್ಯೋಗ ನಿಮಿತ್ತ, ಧರ್ಮಭಗಿನಿಯರು ಸೇವೆಯ ನಿಮಿತ್ತ ಬೆಂಗಳೂರಿನಲ್ಲೂ ಅದರ ಉತ್ತರದ ಬಯಲುಸೀಮೆಯಲ್ಲೂ ನೆಲೆಸಿದ್ದಾರೆ. ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದಂಥ ಊರುಗಳಲ್ಲಿ ಮನೆ ಹಿಡಿದವರಿಗೆ ಬೆಳಗಿನ ಸ್ನಾನಕ್ಕೆ ಬಿಸಿನೀರು ಇಲ್ಲದೆ ಆಗುವುದಿಲ್ಲ. ಕರೆಂಟು ಹೋದರೂ ನಡೆಯುತ್ತದೆ, ನಲ್ಲಿ ತಿರುಗಿಸಿದೊಡನೆ ನೀರು ಕಾಯುತ್ತದೆ ಎಂದು ಗ್ಯಾಸ್ ಗೀಸರ್ ಹಾಕಿಸಿಕೊಳ್ಳುವವರು ಅನೇಕರು. ಆ ಗೀಸರನ್ನು ಎಲ್ಲಿ ಹಾಕಿಸಿದ್ದಾರೆ ಎಂಬುದೇ ಈ ಲೇಖನದ ವಿಷಯ.

2023ರ ಜೂನ್ ತಿಂಗಳಲ್ಲಿ ಬೆಂಗಳೂರಿನಿಂದ ಚಿಕ್ಕಬಳ್ಳಾಪುರಕ್ಕೆ ಹೋಗುವ ದಾರಿಯ ಚಿಕ್ಕಜಾಲ ಬಳಿಯ ತರಬನಹಳ್ಳಿಯಲ್ಲಿ ಒಬ್ಬ ಯುವಕ ಮತ್ತು ಒಬ್ಬ ಯುವತಿ ಬಾಡಿಗೆ ಮನೆಯ ಸ್ನಾನದ ಕೋಣೆಯಲ್ಲಿ ಮೃತಪಟ್ಟರು. ಗೀಸರ್ ಉರಿಯುತ್ತಿತ್ತು, ಬಾಗಿಲು ಮುಚ್ಚಿತ್ತು. ಇಂಥ ಸುದ್ದಿಗಳಿಗೆ ಪತ್ರಿಕೆಗಳು ಸಾಮಾನ್ಯವಾಗಿ ಕೊಡುವ ತಲೆಬರಹ 'ಗ್ಯಾಸ್ ಸೋರಿಕೆ'. ಈ ಮಾತು ಜನರನ್ನು ದಾರಿ ತಪ್ಪಿಸುತ್ತದೆ ಎಂಬುದು ನಮ್ಮ ಅಭಿಪ್ರಾಯ. ಸೋರಿಕೆ ಎಂದು ಓದಿದವರು ತಮ್ಮ ಮನೆಯ ಪೈಪು, ರೆಗ್ಯುಲೇಟರುಗಳನ್ನು ನೋಡುತ್ತಾರೆ, ಮೂಸುತ್ತಾರೆ, ವಾಸನೆ ಇಲ್ಲವೆಂದು ನಿಶ್ಚಿಂತರಾಗುತ್ತಾರೆ. ಆದರೆ ಪೈಪು ಎಲ್ಲಿಯೂ ಸೋರದೆ, ಗೀಸರ್ ಹೊಚ್ಚ ಹೊಸದಾಗಿದ್ದರೂ ಈ ಸಾವು ಸಂಭವಿಸಬಹುದು. ಅಲ್ಲಿ ಕಡಿಮೆ ಬೀಳುವುದು ಗಾಳಿ.

ಇದನ್ನು ಸ್ವಲ್ಪ ಲೆಕ್ಕ ಹಾಕಿ ನೋಡೋಣ. ಒಂದು ಕಿಲೋ ಅಡುಗೆ ಅನಿಲ ಪೂರ್ತಿಯಾಗಿ ಉರಿಯಲು ಸುಮಾರು 12 ಘನ ಮೀಟರ್ ಗಾಳಿ ಬೇಕು. ನಿಮಿಷಕ್ಕೆ 6 ಲೀಟರ್ ನೀರು ಕಾಯಿಸುವ ಸಾಧಾರಣ ಗೀಸರ್ ಬಿಡದೆ ಉರಿದರೆ ಗಂಟೆಗೆ ಸುಮಾರು 900 ಗ್ರಾಂ ಅನಿಲ ಸುಡುತ್ತದೆ. ಅಂದರೆ ಗಂಟೆಗೆ ಹತ್ತು ಹನ್ನೊಂದು ಘನ ಮೀಟರ್ ಗಾಳಿಯನ್ನು ಅದು ಎಳೆದುಕೊಳ್ಳುತ್ತದೆ. ಬಾಡಿಗೆ ಮನೆಯ ಸ್ನಾನದ ಕೋಣೆ ಎಷ್ಟಿರುತ್ತದೆ? 4 ಅಡಿ ಅಗಲ, 6 ಅಡಿ ಉದ್ದ, 8 ಅಡಿ ಎತ್ತರ ಎಂದುಕೊಂಡರೂ ಅದರೊಳಗಿನ ಗಾಳಿ ಐದೂವರೆ ಘನ ಮೀಟರನ್ನು ಮುಟ್ಟುವುದಿಲ್ಲ. ಹಾಗಾದರೆ ಅರ್ಧ ಗಂಟೆ ನಡೆಯಬಹುದಲ್ಲ ಎಂದು ಯಾರೂ ತಿಳಿಯಬಾರದು. ಗಾಳಿಯಲ್ಲಿ ಶೇಕಡಾ 21ರಷ್ಟಿರುವ ಆಮ್ಲಜನಕ 17, 18ಕ್ಕೆ ಇಳಿಯುವಷ್ಟರಲ್ಲೇ ಉರಿ ಕೆಡುತ್ತದೆ, ನೀಲಿ ಜ್ವಾಲೆ ಹಳದಿಯಾಗುತ್ತದೆ, ಅರೆಬರೆ ಉರಿದ ಅನಿಲದಿಂದ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣು ಉರಿಯುವುದಿಲ್ಲ. ಸಿಲಿಂಡರಿನ ಅನಿಲಕ್ಕಾದರೋ ಸೋರಿದರೆ ತಿಳಿಯಲೆಂದು ದುರ್ವಾಸನೆಯ ರಾಸಾಯನಿಕವನ್ನು ಬೆರೆಸಿರುತ್ತಾರೆ. ಉರಿದ ಮೇಲೆ ಆ ವಾಸನೆಯೂ ಉಳಿಯುವುದಿಲ್ಲ.

ರಕ್ತದಲ್ಲಿ ಆಮ್ಲಜನಕವನ್ನು ಹೊರುವ ಹಿಮೋಗ್ಲೋಬಿನ್ ಈ ಅನಿಲವನ್ನು ಆಮ್ಲಜನಕಕ್ಕಿಂತ 200ಕ್ಕೂ ಹೆಚ್ಚು ಪಟ್ಟು ಬಲವಾಗಿ ಹಿಡಿದುಕೊಳ್ಳುತ್ತದೆ. ಮೊದಲು ತಲೆನೋವು, ತಲೆಸುತ್ತು, ವಾಕರಿಕೆ. ಆಮೇಲೆ ಕಾಲುಗಳಲ್ಲಿ ಬಲವಿರುವುದಿಲ್ಲ. ಬಾಗಿಲು ಎರಡಡಿ ದೂರದಲ್ಲಿದ್ದರೂ ಚಿಲಕ ತೆಗೆಯಲಾಗದೆ ಬಿದ್ದುಬಿಡುತ್ತಾರೆ. ಸ್ನಾನದ ಕೋಣೆಯಲ್ಲಿ ಹೀಗೆ ಬಿದ್ದವರನ್ನು ಮೂರ್ಛೆರೋಗಿಗಳೆಂದು ಭಾವಿಸಿ ಔಷಧ ಕೊಟ್ಟ ಪ್ರಕರಣಗಳನ್ನು ನಮ್ಮ ದೇಶದ ನರರೋಗ ವೈದ್ಯರು ದಾಖಲಿಸಿದ್ದಾರೆ. ಒಬ್ಬರ ನಂತರ ಒಬ್ಬರು ಸ್ನಾನಕ್ಕೆ ಹೋಗುವ ಮನೆಯಲ್ಲಿ ಕೊನೆಗೆ ಹೋಗುವವರಿಗೆ ಅಪಾಯ ಹೆಚ್ಚು. ನಮ್ಮ ಮನೆಗಳಲ್ಲಿ ಕೊನೆಗೆ ಸ್ನಾನಕ್ಕೆ ಹೋಗುವವರು ಯಾರು ಎಂಬುದನ್ನು ಓದುಗರೇ ಆಲೋಚಿಸಲಿ.

ಕರಾವಳಿಯ ಹಳೆಯ ಬಚ್ಚಲುಮನೆಯಲ್ಲಿ ಹಂಡೆಯ ಕೆಳಗೆ ಸೌದೆ, ತೆಂಗಿನ ಗರಿ ಉರಿಸಿ ನೀರು ಕಾಯಿಸಿದವರು ನಾವು. ಹೊಗೆ ಕಣ್ಣಿಗೆ ಹೊಡೆಯುತ್ತಿತ್ತು, ಆದರೆ ಹೆಂಚಿನ ಸಂದಿಗಳಿಂದ ಹೊರಗೆ ಹೋಗುತ್ತಿತ್ತು, ಅಷ್ಟೇ ಗಾಳಿ ಬಾಗಿಲಿನಡಿಯಿಂದ ಒಳಗೆ ಬರುತ್ತಿತ್ತು. ಟೈಲ್ಸ್ ಹಾಕಿ, ತಾರಸಿ ಮಾಡಿ, ಚಳಿಗೆಂದು ಗವಾಕ್ಷಿಗೂ ರಟ್ಟು ಬಡಿದ ಕೋಣೆಯಲ್ಲಿ ಈ ಎರಡು ದಾರಿಗಳೂ ಮುಚ್ಚಿರುತ್ತವೆ.

ಈ ವಿಷಯದಲ್ಲಿ ಶಿಡ್ಲಘಟ್ಟ, ಚಿಂತಾಮಣಿ ಕಡೆಯ ರೇಷ್ಮೆ ಬೆಳೆಗಾರರು ಬಹಳ ತಿಳಿದವರು. ಚಾಕಿ ಹುಳುವಿಗೆ 26ರಿಂದ 28 ಡಿಗ್ರಿ ಶಾಖ ಬೇಕು. ಆದುದರಿಂದ ಚಳಿಗಾಲದಲ್ಲಿ ಹುಳುಮನೆಯೊಳಗೆ ಹೀಟರನ್ನೋ ಇದ್ದಿಲ ಒಲೆಯನ್ನೋ ಇಡುತ್ತಾರೆ. ಆದರೆ ನಾಲ್ಕನೇ ಜ್ವರ ಎದ್ದ ಹುಳುವಿಗೆ ಶಾಖಕ್ಕಿಂತ ಗಾಳಿ ಮುಖ್ಯ. ಅದು ಮೈಯ ಪಕ್ಕಗಳ ರಂಧ್ರಗಳಿಂದ ಉಸಿರಾಡುತ್ತದೆ. ಕಟ್ಟಿದ ಗಾಳಿಯಲ್ಲಿ ಸೊಪ್ಪು ತಿನ್ನದೆ ಸೊರಗುತ್ತದೆ. ಅದಕ್ಕೆಂದೇ ಹುಳುಮನೆಗೆ ಕೆಳಗೆ ಕಿಟಕಿ, ಮೇಲೆ ಗವಾಕ್ಷಿ ಎರಡನ್ನೂ ಇಡುತ್ತಾರೆ. ಚಂದ್ರಿಕೆಗೆ ಬಿಟ್ಟ ಮೇಲಂತೂ ಗಾಳಿಯಾಡದಿದ್ದರೆ ಗೂಡಿನ ಗುಣ ಕೆಟ್ಟು ಮಾರುಕಟ್ಟೆಯಲ್ಲಿ ಬೆಲೆ ಬೀಳುತ್ತದೆ. ಇಷ್ಟು ಜಾಗ್ರತೆಯಿಂದ ಕಟ್ಟಿದ ಹುಳುಮನೆಯ ಪಕ್ಕದಲ್ಲೇ ಬಾಡಿಗೆಗೆಂದು ಎಬ್ಬಿಸಿದ ಕೋಣೆಗಳಿಗೆ ಆ ಎರಡು ಕಿಂಡಿಗಳಿಲ್ಲದಿದ್ದರೆ ಏನು ಹೇಳುವುದು!

ಇದ್ದಿಲಿನ ಬಗ್ಗೆ ಇನ್ನೊಂದು ಮಾತು. ಹೊರಗೆ ಹೊತ್ತಿಸಿ, ಹೊಗೆ ನಿಂತ ಮೇಲೆ ಕೆಂಡವನ್ನು ಒಳಗೆ ತಂದರೆ ಭಯವಿಲ್ಲ ಎಂಬ ನಂಬಿಕೆ ಎಲ್ಲ ಕಡೆ ಇದೆ. ಇದು ತಪ್ಪು. ಗ್ಯಾಸಿನ ಉರಿ ಗಾಳಿ ಸಾಲದಿದ್ದಾಗ ಕೆಡುತ್ತದೆ. ಕೆಂಡವಾದರೋ ಗಾಳಿ ಸಾಕಷ್ಟಿದ್ದಾಗಲೂ ಕಾರ್ಬನ್ ಮಾನಾಕ್ಸೈಡನ್ನು ಬಿಡುತ್ತಲೇ ಇರುತ್ತದೆ. ಗೌರಿಬಿದನೂರಿಗೆ ಹೊಂದಿಕೊಂಡ ದೊಡ್ಡಬಳ್ಳಾಪುರ ತಾಲೂಕಿನ ಹೊಲೆಯರಹಳ್ಳಿಯಲ್ಲಿ 2023ರ ಸೆಪ್ಟೆಂಬರಿನಲ್ಲಿ ಕೋಳಿ ಫಾರಂ ಒಂದರ ಕೋಣೆಯಲ್ಲಿ ಮಲಗಿದ್ದ, ಹೊರಗಿನಿಂದ ದುಡಿಯಲು ಬಂದ ಒಂದೇ ಕುಟುಂಬದ ನಾಲ್ವರು ಬೆಳಗಾಗುವಷ್ಟರಲ್ಲಿ ಮೃತಪಟ್ಟಿದ್ದರು. ಇದ್ದಿಲ ಹೊಗೆಯಿಂದ ಉಸಿರುಗಟ್ಟಿರಬೇಕೆಂದು ಶಂಕಿಸಲಾಯಿತು. ಮಲಗುವ ಕೋಣೆಗೆ ಕೆಂಡವನ್ನು ತರಲೇಬಾರದು.

ವಿದೇಶದ ಚಳಿನಾಡುಗಳಲ್ಲಿರುವ ನಮ್ಮ ಬಂಧುಗಳ ಮನೆಯಲ್ಲಿ ಇಡೀ ಮನೆಯನ್ನು ಬೆಚ್ಚಗಿಡುವ ಗ್ಯಾಸ್ ಫರ್ನೇಸ್ ಇರುತ್ತದೆ. ಅಮೆರಿಕದಲ್ಲಿ ಇದಕ್ಕೊಂದು ರೂಢಿಯ ಲೆಕ್ಕವಿದೆ. ಅದನ್ನು ನಮ್ಮ 6 ಲೀಟರ್ ಗೀಸರಿಗೆ ಅನ್ವಯಿಸಿದರೆ, ಹೊರಗಿನಿಂದ ಗಾಳಿ ಬರುವ ವ್ಯವಸ್ಥೆಯಿಲ್ಲದ ಕೋಣೆ ಕನಿಷ್ಠ 2,000 ಘನ ಅಡಿ ಇರಬೇಕು. ಮೇಲೆ ಹೇಳಿದ ಸ್ನಾನದ ಕೋಣೆ ಇರುವುದು 192 ಘನ ಅಡಿ, ಹತ್ತರಲ್ಲೊಂದು ಪಾಲಿಗಿಂತ ಕಡಿಮೆ. ಕೋಣೆ ಚಿಕ್ಕದಾದರೆ ನೆಲದ ಹತ್ತಿರ ಒಂದು, ಛಾವಣಿಯ ಹತ್ತಿರ ಒಂದು, ಹೀಗೆ ಹೊರಕ್ಕೆ ತೆರೆದ ಎರಡು ಕಿಂಡಿಗಳನ್ನು ಇಡಬೇಕೆಂದು ಅಲ್ಲಿಯ ನಿಯಮ. ಅಷ್ಟಾಗಿಯೂ ಆ ಫರ್ನೇಸುಗಳ ಸುಟ್ಟ ಗಾಳಿ ಕೊಳವೆಯ ಮೂಲಕ ಮನೆಯ ಹೊರಗೆ ಹೋಗುತ್ತದೆ. ನಮ್ಮ ಅಗ್ಗದ ಗೀಸರುಗಳಿಗೆ ಆ ಕೊಳವೆ ಇರುವುದಿಲ್ಲ. ಸುಟ್ಟದ್ದೆಲ್ಲ ಸ್ನಾನ ಮಾಡುವವರ ತಲೆಯ ಮೇಲೆಯೇ ನಿಲ್ಲುತ್ತದೆ.

ಆದುದರಿಂದ ಗ್ಯಾಸ್ ಗೀಸರ್ ಸ್ನಾನದ ಕೋಣೆಯ ಹೊರಗಿರಬೇಕು. ಬಾಲ್ಕನಿಯಲ್ಲೋ, ಬಟ್ಟೆ ಒಗೆಯುವ ತೆರೆದ ಜಾಗದಲ್ಲೋ, ಮಳೆ ಬೀಳದಂತೆ, ಮಲಗುವ ಕೋಣೆಯ ಕಿಟಕಿಗೆ ದೂರವಾಗಿ ಅದನ್ನು ಕೂರಿಸಿ ಬಿಸಿನೀರನ್ನಷ್ಟೇ ಪೈಪಿನಲ್ಲಿ ಒಳಗೆ ತರಬೇಕು. ಸಿಲಿಂಡರೂ ಹೊರಗೇ ಇರಲಿ. ಅಡುಗೆ ಅನಿಲ ಗಾಳಿಗಿಂತ ಭಾರವಾದುದರಿಂದ ಸೋರಿದರೆ ನೆಲದಲ್ಲಿ ನಿಲ್ಲುತ್ತದೆ. ಕೊಳ್ಳುವಾಗ ಐಎಸ್ 15558 ಗುರುತು ನೋಡಿ, ಆದರೆ ಆ ಗುರುತು ಇದೆಯೆಂದು ಮುಚ್ಚಿದ ಕೋಣೆಯಲ್ಲಿ ಹಾಕಿಸಬೇಡಿ. ಎಕ್ಸಾಸ್ಟ್ ಫ್ಯಾನ್ ಇದೆಯಲ್ಲ ಎನ್ನುವವರಿದ್ದಾರೆ. ಒಳಗೆ ಗಾಳಿ ಬರಲು ದಾರಿಯಿಲ್ಲದ ಕೋಣೆಯಲ್ಲಿ ಫ್ಯಾನ್ ತಿರುಗಿದರೂ ಪ್ರಯೋಜನ ಅಷ್ಟಕ್ಕಷ್ಟೆ.

ಬಾಡಿಗೆ ಮನೆಯವರು ಗೀಸರ್ ಸ್ಥಳಾಂತರವಾಗುವ ತನಕ ಬಾಗಿಲು, ಗವಾಕ್ಷಿ ತೆರೆದಿಟ್ಟು ಬಕೆಟ್ ತುಂಬಿಸಿ, ಗೀಸರ್ ಮತ್ತು ಸಿಲಿಂಡರನ್ನು ಬಂದ್ ಮಾಡಿ, ಕೋಣೆಯ ಗಾಳಿ ಬದಲಾಗಲು ಸ್ವಲ್ಪ ಹೊತ್ತು ಬಿಟ್ಟು ಸ್ನಾನಕ್ಕೆ ಹೋಗಬೇಕು. ಮಕ್ಕಳು ಒಳಗಿರುವಾಗ ಚಿಲಕ ಬೇಡ. ಯಾರಾದರೂ ಒಳಗೆ ಬಿದ್ದಿದ್ದರೆ ಬಾಗಿಲು ತೆರೆದು, ಉಸಿರು ಬಿಗಿಹಿಡಿದು ಅವರನ್ನು ಬಯಲಿಗೆ ಎಳೆದು ತಂದು 108ಕ್ಕೆ ಕರೆ ಮಾಡಿ. ಆಸ್ಪತ್ರೆಯಲ್ಲಿ 'ಗ್ಯಾಸ್ ಗೀಸರ್ ಉರಿಯುತ್ತಿತ್ತು' ಎಂದು ಮೊದಲೇ ತಿಳಿಸಿ. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಈ ವಿಷವನ್ನು ಆಮ್ಲಜನಕವೆಂದೇ ಎಣಿಸಿ 98, 99 ಎಂದು ತೋರಿಸಬಹುದು. ಅದನ್ನು ನೋಡಿ ಮನೆಗೆ ಮರಳಬಾರದು. ಮಾಸ್ಕ್ ಮೂಲಕ ಶುದ್ಧ ಆಮ್ಲಜನಕ ಕೊಡುವುದೇ ಮುಖ್ಯ ಚಿಕಿತ್ಸೆ.

ಮನೆ ಭೇಟಿಗೆ, ಮನೆ ಆಶೀರ್ವಾದಕ್ಕೆ ಹೋಗುವ ಧರ್ಮಗುರುಗಳು, ಧರ್ಮಭಗಿನಿಯರು, ವಾರ್ಡಿನ ಗುರಿಕಾರರು ಸ್ನಾನದ ಕೋಣೆಯತ್ತಲೂ ಒಮ್ಮೆ ಕಣ್ಣು ಹಾಯಿಸಬೇಕೆಂದು ನಮ್ಮ ವಿನಂತಿ. ಹಾಸ್ಟೆಲುಗಳನ್ನು ನಡೆಸುವವರು ಈ ವಾರವೇ ನೋಡಲಿ. ದೂರದಲ್ಲಿರುವ ಮಕ್ಕಳಿಗೆ ಫೋನ್ ಮಾಡುವ ತಾಯಂದಿರು ಊಟವಾಯಿತೇ ಎಂದು ಕೇಳಿದ ಮೇಲೆ ಗೀಸರ್ ಎಲ್ಲಿದೆ ಎಂದೂ ಕೇಳಲಿ. ಒಳಗಿದೆ ಎಂದರೆ ಮನೆ ಮಾಲೀಕರ ನಂಬರ್ ಪಡೆದು ತಾವೇ ಮಾತನಾಡಲಿ.