ಬೇಲಿಯೇ ಎದ್ದು ಹೊಲ ಮೇಯ್ದಾಗ

ಕಳೆದ ವರ್ಷ ನನ್ನ ಬಾಯಲ್ಲಿ ಸದಾ ಒಂದೇ ಮಾತು: ‘ಸುಸ್ತು’. ಎಂಟು ಗಂಟೆ ಮಲಗಿದ್ರೂ ಕ್ಯಾಬ್‌ನಲ್ಲಿ ಕಣ್ಣು ಎಳೀತಿತ್ತು. ಬಾಚಣಿಗೆ ತುಂಬಾ ಕೂದಲು. ಆಫೀಸಿನ ಎಸಿಯಲ್ಲಿ ನನಗೊಬ್ಬಳಿಗೇ ಚಳಿ. “ರಾತ್ರಿಯೆಲ್ಲಾ ಫೋನ್ ನೋಡಿದ್ರೆ ಇನ್ನೇನಾಗುತ್ತೆ?” ಅಂತ ಅಮ್ಮನ ಗೊಣಗಾಟ. ನಾನೂ ಹಾಗೇ ಅಂದ್ಕೊಂಡಿದ್ದೆ.

ರಕ್ತಪರೀಕ್ಷೆ ಬೇರೆಯೇ ಹೇಳಿತು. ಟಿಎಸ್‌ಎಚ್ ಏರಿತ್ತು, ಟಿಪಿಒ ಆಂಟಿಬಾಡಿಯೂ ಜಾಸ್ತಿ. “ಇದು ಹಾಶಿಮೊಟೊ ಥೈರಾಯ್ಡೈಟಿಸ್. ನಿಮ್ಮ ರೋಗನಿರೋಧಕ ವ್ಯವಸ್ಥೆಯೇ ನಿಮ್ಮ ಥೈರಾಯ್ಡ್ ಗ್ರಂಥಿಯನ್ನ ಹಾಳು ಮಾಡ್ತಿದೆ” ಅಂದ್ರು ಡಾಕ್ಟರ್. 1912ರಲ್ಲಿ ಈ ಕಾಯಿಲೆಯನ್ನು ವಿವರಿಸಿದ ಜಪಾನಿನ ವೈದ್ಯ ಹಕಾರು ಹಾಶಿಮೊಟೊ ಅವರ ಹೆಸರೇ ಅದಕ್ಕೆ ಬಂದಿದೆ.

ಕಾಯೋ ಬೇಲಿಯೇ ಹೊಲ ಮೇಯೋದು ಯಾಕೆ?

ನಮ್ಮ ಎದೆಮೂಳೆಯ ಹಿಂದೆ ಥೈಮಸ್ ಅನ್ನೋ ಗ್ರಂಥಿಯಿದೆ. ರೋಗಾಣುಗಳ ವಿರುದ್ಧ ಹೋರಾಡುವ ಟಿ ಕೋಶಗಳಿಗೆ ಅಲ್ಲೇ ತರಬೇತಿ. ಸ್ವಂತ ದೇಹದ ಮೇಲೇ ಎರಗುವಂಥ ಕೋಶಗಳನ್ನು ಅಲ್ಲೇ ನಾಶ ಮಾಡಲಾಗುತ್ತೆ. ಆದರೂ ಕೆಲವು ತಪ್ಪಿಸಿಕೊಳ್ತವೆ, ಆರೋಗ್ಯವಂತರಲ್ಲೂ! ಅವನ್ನು ಹದ್ದುಬಸ್ತಿನಲ್ಲಿಡೋದು ‘ನಿಯಂತ್ರಕ ಟಿ ಕೋಶ’ಗಳು. ಇವುಗಳ ಗುಟ್ಟು ಬಿಡಿಸಿದ್ದಕ್ಕೇ ಶಿಮೋನ್ ಸಕಾಗುಚಿ, ಮೇರಿ ಬ್ರಂಕೋ, ಫ್ರೆಡ್ ರಾಮ್ಸ್‌ಡೆಲ್ ಅವರಿಗೆ 2025ರ ವೈದ್ಯಕೀಯ ನೊಬೆಲ್ ಸಿಕ್ಕಿದ್ದು. ಈ ಹಿಡಿತ ಸಡಿಲವಾದಾಗ ದಾಳಿ ಶುರು. ವಂಶವಾಹಿ, ಹಾರ್ಮೋನು, ಸೋಂಕು ಹೀಗೆ ಹಲವು ಸೇರಿ ಹಾಗಾಗುತ್ತೆ. ಹೆಂಗಸರಲ್ಲಿ ಇದು ಹೆಚ್ಚು. ಅಂದ್ರೆ, ಫೋನ್ ನೋಡಿದ್ದಕ್ಕೆ ಬಂದ ಕಾಯಿಲೆ ಅಲ್ಲ ಇದು.

ಮಾತ್ರೆ ಶುರು ಮಾಡಿ ಮೂರು ತಿಂಗಳಿಗೆ ನಾನು ಆರಾಮಾದೆ. ಆಗಲೇ ತಪ್ಪು ಮಾಡಿದ್ದು. ವಾಟ್ಸಾಪ್‌ನಲ್ಲಿ ಬಂದ ‘ಥೈರಾಯ್ಡ್ ಬೇರುಸಹಿತ ಮಾಯ’ ವಿಡಿಯೋ ನಂಬಿ ಮಾತ್ರೆ ಬಿಟ್ಟು, ಕಷಾಯ ಹಿಡಿದೆ. ಎರಡೇ ತಿಂಗಳಲ್ಲಿ ಮುಖ ಊದಿಕೊಂಡು, ಮೆಟ್ಟಿಲು ಹತ್ತೋದೂ ಕಷ್ಟ ಆಯ್ತು.

“ಮಾತ್ರೆ ಬೇಲಿ ರಿಪೇರಿ ಮಾಡಲ್ಲಮ್ಮ. ಮೇಯ್ದು ಹೋದ ಫಸಲನ್ನ ಹೊರಗಿಂದ ತಂದುಕೊಡುತ್ತೆ ಅಷ್ಟೆ. ನೀವು ಆರಾಮಾಗಿದ್ದಿದ್ದು ಕಾಯಿಲೆ ಹೋಗಿದ್ದಕ್ಕಲ್ಲ, ಮಾತ್ರೆ ಇದ್ದಿದ್ದಕ್ಕೆ” ಅಂದ್ರು ಡಾಕ್ಟರ್. ಗ್ರಂಥಿ ಮಾಡದ ಹಾರ್ಮೋನನ್ನೇ ಮಾತ್ರೆ ಕೊಡೋದು ಅನ್ನೋದು ಆಗಷ್ಟೇ ತಲೆಗೆ ಹೋಯ್ತು.

ಹೊರಡುವಾಗ ಅವರು ಇನ್ನೊಂದು ಪ್ರಶ್ನೆ ಕೇಳಿದ್ರು: “ಮನೇಲಿ ಬೇರೆ ಯಾರಿಗಾದ್ರೂ ಇದೆಯಾ?”

ಅಮ್ಮ ನೆನಪಾದಳು. ವರ್ಷಗಳಿಂದ ಕಾಲುನೋವು, ಮರೆವು, ಮಧ್ಯಾಹ್ನವಾದ್ರೆ ಕುಸಿದು ಕೂರೋದು. ‘ವಯಸ್ಸಾಯ್ತು’ ಅಂತ ನಾವ್ಯಾರೂ ತಲೆಕೆಡಿಸಿಕೊಂಡಿರಲಿಲ್ಲ. ಟೆಸ್ಟ್ ಮಾಡಿಸಿದ್ವಿ. ಅವಳಿಗೂ ಅದೇ.

ಈಗ ಬೆಳಗ್ಗೆ ಎದ್ದ ತಕ್ಷಣ ಖಾಲಿ ಹೊಟ್ಟೆಗೆ ಇಬ್ಬರೂ ಮಾತ್ರೆ ನುಂಗಿ, ಒಂದು ಗಂಟೆ ಕಾಯ್ತೀವಿ. “ಇಷ್ಟೊತ್ತು ಕಾಫಿ ಇಲ್ದೆ ಹೇಗೇ ಇರೋದು?” ಅಂತ ಅಮ್ಮ ದಿನಾ ಕೇಳ್ತಾಳೆ. ಆದರೆ ಮೊನ್ನೆ ಮಧ್ಯಾಹ್ನ ಫೋನ್ ಮಾಡಿದಾಗ ಮಲಗಿರಲಿಲ್ಲ, ಮಾರ್ಕೆಟ್ಟಲ್ಲಿದ್ದಳು.