ಅಜ್ಜನ ತಟ್ಟೆಗೆ ಕಾವಲು ಬೇಡ

ಎಪ್ಪತ್ತರ ಆಸುಪಾಸಿನಲ್ಲಿ ಸಕ್ಕರೆ ಕಾಯಿಲೆ ಪತ್ತೆಯಾದ ಹಿರಿಯರ ಮನೆಗಳಲ್ಲಿ ಮೊದಲ ವಾರ ನಡೆಯುವುದು ಹೆಚ್ಚುಕಡಿಮೆ ಒಂದೇ ಬಗೆ. ರಕ್ತ ಪರೀಕ್ಷೆಯ ವರದಿ ಕೈಗೆ ಬಂದ ಸಂಜೆಯೇ ಸಕ್ಕರೆ ಡಬ್ಬ ಅಟ್ಟ ಸೇರುತ್ತದೆ. ಅನ್ನ ಬಂದ್, ಬಾಳೆಹಣ್ಣು ಬಂದ್, ಆಲೂಗಡ್ಡೆಯ ಹೆಸರೆತ್ತುವಂತಿಲ್ಲ. ಮೂರು ಹೊತ್ತೂ ರಾಗಿ. ಪಕ್ಕದ ಮನೆಯವರು ಹಾಗಲಕಾಯಿ ರಸ ಹೇಳಿದರೆ, ಮದುವೆ ಮನೆಯಲ್ಲಿ ಸಿಕ್ಕ ನೆಂಟರು ಮೆಂತ್ಯದ ನೀರು ಹೇಳುತ್ತಾರೆ. ಜೀವಮಾನವಿಡೀ ಮನೆ ನಡೆಸಿದ ಯಜಮಾನರು ಒಂದು ಸೌಟು ಪಾಯಸಕ್ಕೆ ಸೊಸೆಯ ಮುಖ, ಮೊಮ್ಮಗನ ಮುಖ ನೋಡಬೇಕು. ಹದಿನೈದು ದಿನ ಕಳೆಯುವಷ್ಟರಲ್ಲಿ ಅವರ ಅಂಗಿ ಜೇಬಿನಲ್ಲಿ ಬೆಲ್ಲದ ಚೂರು ಸಿಗತೊಡಗುತ್ತದೆ.

ಕಾಳಜಿಯಿಂದಲೇ ಹುಟ್ಟಿದ ಈ ಕಾವಲಿನಿಂದ ಆಗುವ ಉಪಕಾರ ಕಡಿಮೆ. ಕೆಲವೊಮ್ಮೆ ಅಪಾಯವೂ ಉಂಟು.

ಇಷ್ಟು ವರ್ಷ ಇಲ್ಲದ ಕಾಯಿಲೆ ಈಗೇಕೆ ಬಂತು ಎಂಬುದು ಎಲ್ಲರ ಪ್ರಶ್ನೆ. ನಾವು ತಿಂದ ಪಿಷ್ಟವೆಲ್ಲ ಕೊನೆಗೆ ಗ್ಲೂಕೋಸ್ ಆಗಿ ರಕ್ತ ಸೇರುತ್ತದೆ. ಅದರ ಬಹುಪಾಲನ್ನು ಹೀರಿಕೊಳ್ಳುವುದು ಮಾಂಸಖಂಡಗಳು. ವಯಸ್ಸಾದಂತೆ ಮಾಂಸಖಂಡ ಕರಗುತ್ತದೆ, ಓಡಾಟ ಕಡಿಮೆಯಾಗುತ್ತದೆ, ಮೇದೋಜೀರಕ ಗ್ರಂಥಿಯ ಇನ್ಸುಲಿನ್ ಸಾಲದಾಗುತ್ತದೆ. ಊಟ ಮಾತ್ರ ಹೊಲದಲ್ಲಿ ದುಡಿಯುತ್ತಿದ್ದ ಕಾಲದ್ದೇ. ರಾತ್ರಿ ನಾಲ್ಕು ಸಲ ಮೂತ್ರಕ್ಕೆ ಏಳುವುದು, ಸುಸ್ತು, ಕಣ್ಣು ಮಂಜಾಗುವುದು, ಇವೆಲ್ಲ 'ವಯಸ್ಸಾಯಿತಲ್ಲ' ಎಂಬ ಒಂದು ಮಾತಿನಲ್ಲಿ ಮುಚ್ಚಿಹೋಗಿರುತ್ತವೆ. ಖಾಲಿ ಹೊಟ್ಟೆಯಲ್ಲಿ 126 ಮಿಲಿಗ್ರಾಂ ಅಥವಾ ಅದಕ್ಕಿಂತ ಹೆಚ್ಚು, ಇಲ್ಲವೇ ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಶೇ 6.5 ಮುಟ್ಟಿದರೆ ಅದು ಮಧುಮೇಹ. ಸಾಮಾನ್ಯವಾಗಿ ಇನ್ನೊಮ್ಮೆ ಪರೀಕ್ಷಿಸಿಯೇ ವೈದ್ಯರು ಖಚಿತಪಡಿಸುತ್ತಾರೆ.

ಇನ್ನು ರಾಗಿಯ ಮಾತು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಆಹಾರ ಕೋಷ್ಟಕದ ಪ್ರಕಾರ 100 ಗ್ರಾಂ ಪಾಲಿಷ್ ಅಕ್ಕಿಯಲ್ಲಿ ಸುಮಾರು 78 ಗ್ರಾಂ ಶರ್ಕರಪಿಷ್ಟವಿದ್ದರೆ, ರಾಗಿಯಲ್ಲಿ ಸುಮಾರು 67 ಗ್ರಾಂ. ಜೋಳದಲ್ಲೂ ಹೆಚ್ಚುಕಡಿಮೆ ಅಷ್ಟೇ. ರಾಗಿಯ ಹೆಚ್ಚುಗಾರಿಕೆ ಇರುವುದು ನಾರಿನಂಶದಲ್ಲಿ: ಅಕ್ಕಿಯಲ್ಲಿ 3 ಗ್ರಾಂಗೂ ಕಡಿಮೆ, ರಾಗಿಯಲ್ಲಿ ಸುಮಾರು 11 ಗ್ರಾಂ. ರಾಗಿ ಒಳ್ಳೆಯದೇ, ಅನುಮಾನವಿಲ್ಲ. ಆದರೆ ದೊಡ್ಡ ಮುದ್ದೆಯೊಂದನ್ನು ನೀರು ಸಾರಿನಲ್ಲಿ ಅದ್ದಿ ನುಂಗಿ, 'ರಾಗಿ ತಾನೇ' ಎಂದು ಇನ್ನರ್ಧ ಹಾಕಿಸಿಕೊಂಡರೆ ಲೆಕ್ಕ ಅನ್ನಕ್ಕಿಂತ ಮೇಲೇ ಹೋಗುತ್ತದೆ. ನುಣ್ಣಗೆ ಬೀಸಿದ ಹಿಟ್ಟಿನ ಗಂಜಿಯಂತೂ ಬೇಗ ಜೀರ್ಣವಾಗಿ ರಕ್ತದ ಸಕ್ಕರೆಯನ್ನು ಬೇಗನೇ ಏರಿಸುತ್ತದೆ. ಸಕ್ಕರೆಯ ಬದಲು ಬೆಲ್ಲ, ಜೇನುತುಪ್ಪ ಎನ್ನುವುದೂ ಇಂಥದೇ ಸಮಾಧಾನ. ರಕ್ತಕ್ಕೆ ಆ ಭೇದ ಅಷ್ಟಾಗಿ ತಿಳಿಯುವುದಿಲ್ಲ.

ಹಾಗಾದರೆ ಏನು ಮಾಡಬೇಕು? ತಟ್ಟೆಯನ್ನೇ ಅಳತೆಯಾಗಿ ಇಟ್ಟುಕೊಳ್ಳುವುದು ಸುಲಭ. ಅರ್ಧ ತಟ್ಟೆ ಪಲ್ಯ, ಸೊಪ್ಪು, ಸೌತೆಕಾಯಿ. ಕಾಲು ಭಾಗ ಹುರುಳಿ, ಹೆಸರುಕಾಳು, ಅವರೆ ಅಥವಾ ಮೊಟ್ಟೆ, ಮೀನು. ಉಳಿದ ಕಾಲು ಭಾಗ ಅನ್ನವೋ ಮುದ್ದೆಯೋ ರೊಟ್ಟಿಯೋ, ಆ ಮನೆಯ ರೂಢಿಯಂತೆ. ಕರಾವಳಿಯ ಅಜ್ಜಿಗೆ ಕುಚ್ಚಲಕ್ಕಿ ಬಿಡಿಸಿ ರಾಗಿ ತಿನ್ನಿಸುವ ಶಿಕ್ಷೆ ಬೇಕಿಲ್ಲ. ಕೋಸಂಬರಿ, ಪಲ್ಯ ಮೊದಲು ತಿಂದು ಅನ್ನ ಆಮೇಲೆ ಉಂಡರೆ ಸಕ್ಕರೆ ಏರುವ ವೇಗ ತಗ್ಗುತ್ತದೆ. ಊಟದ ನಂತರ ಹತ್ತು ನಿಮಿಷ ಅಂಗಳದಲ್ಲೇ ಅಡ್ಡಾಡಿದರೂ ಫಲ ಕಾಣುತ್ತದೆ. ದಿನಕ್ಕೆ ನಾಲ್ಕು ಲೋಟ ಕಾಫಿ, ಲೋಟಕ್ಕೆ ಎರಡು ಚಮಚ ಸಕ್ಕರೆ ಎಂದರೆ ಎಂಟು ಚಮಚ. ಹಬ್ಬದ ದಿನದ ಒಂದು ಹೋಳಿಗೆಗೆ ರಂಪ ಮಾಡುವ ಮನೆಯಲ್ಲೂ ಈ ಎಂಟು ಚಮಚ ಯಾರ ಕಣ್ಣಿಗೂ ಬಿದ್ದಿರುವುದಿಲ್ಲ! ಆ ಹೋಳಿಗೆಯನ್ನು ಅನ್ನದ ಜೊತೆಗಲ್ಲ, ಅನ್ನದ ಬದಲಿಗೆ ಬಡಿಸಿದರೆ ಹಿರಿಯರ ಹಬ್ಬವೂ ಉಳಿಯುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು ಸಕ್ಕರೆ ಇಳಿದುಹೋಗುವ ಸಂಗತಿ. ಮೆಟ್‌ಫಾರ್ಮಿನ್ ಮಾತ್ರೆಯೊಂದರಿಂದಲೇ ಹೀಗಾಗುವುದು ಅಪರೂಪ. ಆದರೆ ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್‌ನಂಥ ಮಾತ್ರೆ ನುಂಗಿಯೋ ಇನ್ಸುಲಿನ್ ಚುಚ್ಚಿಸಿಕೊಂಡೋ ಊಟ ಬಿಟ್ಟರೆ ಸಕ್ಕರೆ 70 ಮಿಲಿಗ್ರಾಂಗಿಂತ ಕೆಳಗೆ ಜಾರಬಹುದು. ಏಕಾದಶಿಯೆಂದು ಉಪವಾಸ ಮಾಡಿ ಮಾತ್ರೆ ಮಾತ್ರ ತಪ್ಪದೆ ನುಂಗುವ ಅಜ್ಜಿಯರಿದ್ದಾರೆ. ಯುವಕರಲ್ಲಿ ಕೈ ನಡುಕ, ಬೆವರು ಮೊದಲೇ ಎಚ್ಚರಿಸುತ್ತವೆ. ಮುದುಕರಲ್ಲಿ ಅನೇಕ ಸಲ ಮಂಕು, ತೊದಲು ಮಾತು, ತೂಕಡಿಕೆ, ನಡೆಯುವಾಗ ಮುಗ್ಗರಿಸುವುದಷ್ಟೇ ಕಾಣುತ್ತದೆ. ಮನೆಯವರು ಅರಳುಮರಳು ಎಂದುಕೊಂಡು ಸುಮ್ಮನಾಗುತ್ತಾರೆ. ಬಿದ್ದು ಸೊಂಟದ ಮೂಳೆ ಮುರಿದ ಮೇಲೆ ಕಾರಣ ಹುಡುಕುವಂತಾಗುತ್ತದೆ. ಇಂಥ ಹೊತ್ತಿನಲ್ಲಿ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿ, 15 ನಿಮಿಷದ ಬಳಿಕ ಮತ್ತೆ ಪರೀಕ್ಷಿಸಬೇಕು. ಸುಧಾರಿಸಿದ ಮೇಲೆ ಏನಾದರೂ ತಿನ್ನಿಸಬೇಕು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು. ಅಟ್ಟಕ್ಕೇರಿಸಿದ ಸಕ್ಕರೆ ಡಬ್ಬ ಕೈಗೆ ಸಿಗುವಂತಿರಬೇಕಾದದ್ದು ಇದಕ್ಕಾಗಿಯೇ.

ಈ ಕಾರಣದಿಂದಲೇ ವೈದ್ಯರು ಎಲ್ಲ ಹಿರಿಯರಿಗೂ ಒಂದೇ ಗುರಿ ಇಡುವುದಿಲ್ಲ. ಗಟ್ಟಿಮುಟ್ಟಾಗಿರುವವರಿಗೆ ಎಚ್‌ಬಿಎ1ಸಿ ಶೇ 7ರ ಆಸುಪಾಸು ಸಾಕೆಂದರೆ, ಹೃದಯ, ಮೂತ್ರಪಿಂಡದ ತೊಂದರೆಯೂ ಜೊತೆಗಿರುವ ದುರ್ಬಲರಿಗೆ ಶೇ 8ರವರೆಗೂ ಒಪ್ಪುತ್ತಾರೆ. ಮೂತ್ರಪಿಂಡ ಕೆಟ್ಟಿದ್ದರೆ ಕಾಳು, ಹಣ್ಣಿನ ಲೆಕ್ಕವೂ ಬೇರೆ; ಅದನ್ನು ವೈದ್ಯರನ್ನು ಕೇಳಿಯೇ ಗೊತ್ತುಮಾಡಬೇಕು.

ಇಲ್ಲಿ ಮನೆಯ ವಿದ್ಯಾರ್ಥಿಗಳಿಗೂ ಕೆಲಸವಿದೆ. ಹೈಸ್ಕೂಲಿನ ವಿಜ್ಞಾನ ಪುಸ್ತಕದಲ್ಲಿ ಓದಿದ ಇನ್ಸುಲಿನ್ ಈಗ ಮನೆಯ ವಿಷಯ. ಗ್ಲೂಕೋಮೀಟರಿನಲ್ಲಿ ಊಟಕ್ಕೆ ಮುಂಚೆ, ಊಟವಾಗಿ ಎರಡು ಗಂಟೆಯ ನಂತರ ಬಂದ ಅಂಕಿಯನ್ನು ತಾರೀಖು ಹಾಕಿ, ಅಂದು ಉಂಡದ್ದೇನು ಎಂದೂ ಬರೆದಿಟ್ಟರೆ ಇಡ್ಲಿ ಏರಿಸುವುದೆಷ್ಟು, ಉಪ್ಪಿಟ್ಟು ಏರಿಸುವುದೆಷ್ಟು ಎಂದು ಅಜ್ಜನಿಗೂ ತಿಳಿಯುತ್ತದೆ. ಬೈಗುಳಕ್ಕೆ ಬಗ್ಗದವರು ತಮ್ಮದೇ ಅಂಕಿಗೆ ಬಗ್ಗುವುದುಂಟು. ಮನೆಮಂದಿಗೆಲ್ಲ ಒಂದೇ ಅಡುಗೆಯಾದರೆ ಇನ್ನೂ ಒಳ್ಳೆಯದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದ ಸಮೀಕ್ಷೆಯೊಂದು 2023ರಲ್ಲಿ ಪ್ರಕಟವಾದಾಗ ದೇಶದಲ್ಲಿ ಸುಮಾರು 10 ಕೋಟಿ ಮಧುಮೇಹಿಗಳಿದ್ದಾರೆಂದೂ, ಅದರ ಅಂಚಿನಲ್ಲಿರುವವರು 13 ಕೋಟಿಗೂ ಹೆಚ್ಚೆಂದೂ ಅಂದಾಜಿಸಿತ್ತು. ಕಾಯಿಲೆ ವಂಶದಲ್ಲಿ ಹರಿದುಬರುವುದರಿಂದ ಅಜ್ಜನ ವರದಿ ಮಗನಿಗೂ ಮೊಮ್ಮಗಳಿಗೂ ಸಂಬಂಧಪಟ್ಟದ್ದೇ.

ಹಲ್ಲಿನ ವಿಚಾರವನ್ನಂತೂ ಮರೆಯಬಾರದು. ಕಾಳು, ತರಕಾರಿ ಬಡಿಸಿದರೂ ಬದಿಗೆ ಸರಿಸಿ ಮೆತ್ತನೆ ಅನ್ನ, ಗಂಜಿ, ನೆನೆಸಿದ ಬ್ರೆಡ್ಡನ್ನೇ ತಿನ್ನುವವರು ಹಟಮಾರಿಗಳೆಂದಲ್ಲ, ಅಗಿಯಲಾಗದವರು. ಅಂಥವರಿಗೆ ಕಾಳನ್ನು ಚೆನ್ನಾಗಿ ಬೇಯಿಸಿ ಮಸೆದು, ತರಕಾರಿಯನ್ನು ಸಣ್ಣಗೆ ಹೆಚ್ಚಿ ಕೊಡಬಹುದು. ಪಥ್ಯದ ಪಟ್ಟಿ ಬರೆಸಿಕೊಂಡು ಬಂದ ವಾರದಲ್ಲೇ ಒಮ್ಮೆ ದಂತವೈದ್ಯರ ಬಳಿಗೂ ಕರೆದೊಯ್ಯಬೇಕು.