ಹೊಗೆಸೊಪ್ಪಿನ ಕಷಾಯಕ್ಕೆ ಬರಿಗೈ ಬೇಡ

ಅಂಕೋಲೆಯ ನಮ್ಮ ಬದಿಯಲ್ಲಿ ಭತ್ತ ಕೊಯ್ದ ಮೇಲೆ ಗದ್ದೆಯ ಮೂಲೆಯಲ್ಲಿ ನಾಲ್ಕು ಸಾಲು ಅಲಸಂದೆ ಹಾಕುವುದು ರೂಢಿ. ನನ್ನದು ಮಳೆ ನಂಬಿದ ಬೇಸಾಯ, ಕೈಯಲ್ಲಿ ಕಾಸು ಕಮ್ಮಿ. ಅಲಸಂದೆಗೆ ಕಪ್ಪು ಹೇನು ಬಿದ್ದರೆ ಅಂಗಡಿಯ ವಿಷ ತರುತ್ತಿರಲಿಲ್ಲ. ಕವಳಕ್ಕೆ ತಂದ ಹೊಗೆಸೊಪ್ಪನ್ನೇ ನೆನೆಹಾಕಿ, ಹಿಂಡಿ, ಸೋಸಿ, ಚೂರು ಬಟ್ಟೆಸೋಪು ಕದಡಿ ಹೊಡೆಯುತ್ತಿದ್ದೆ. ಸೊಪ್ಪಿನ ರಸ ತಾನೇ, ಏನಾದೀತು ಎಂಬ ಧೈರ್ಯ.

ಒಂದು ಸಂಜೆ ಆ ಧೈರ್ಯ ಇಳಿಯಿತು. ಮನೆಯವಳು ನೆನೆದ ಸೊಪ್ಪನ್ನು ಬರಿಗೈಯಲ್ಲಿ ಹಿಂಡಿಕೊಟ್ಟಿದ್ದಳು. ಮೊಣಕೈವರೆಗೂ ರಸ ಇಳಿದಿತ್ತು. ರಾತ್ರಿ ಊಟದ ಹೊತ್ತಿಗೆ ತಲೆ ತಿರುಗು, ಬೆವರು, ವಾಂತಿ. ಡಾಕ್ಟರು ಮೊದಲು ಕೇಳಿದ್ದೇ "ಹೊಗೆಸೊಪ್ಪು ತಿಂತೀರಾ?" ಎಂದು. ಅವಳು ಹುಟ್ಟಿದಾಗಿನಿಂದ ಅದನ್ನು ಬಾಯಿಗೆ ಹಾಕಿದವಳಲ್ಲ. ಕೈಯ ವಾಸನೆ ನೋಡಿ ಅವರಿಗೆ ಗೊತ್ತಾಯಿತು. "ಇವರು ತಿನ್ನದಿದ್ದರೂ ನಾಳೆ ಮೂತ್ರ ಪರೀಕ್ಷೆ ಮಾಡಿದರೆ ಕೊಟಿನಿನ್ ಸಿಕ್ಕೀತು" ಎಂದರು. ಆ ಹೆಸರು ನಾನು ಕೇಳಿದ್ದು ಅದೇ ಮೊದಲು. ಆಮೇಲೆ ಕೇಳಿ, ಓದಿ ತಿಳಿದದ್ದನ್ನು ಬರೆಯುತ್ತಿದ್ದೇನೆ.

ಹೊಗೆಸೊಪ್ಪಿನ ವಿಷ ನಿಕೊಟಿನ್. ಗಿಡ ಇದನ್ನು ಬೇರಿನಲ್ಲಿ ತಯಾರಿಸಿ ಎಲೆಗೆ ಕಳಿಸುತ್ತದೆ. ನೀರಿನಲ್ಲೂ ಎಣ್ಣೆಯಲ್ಲೂ ಕರಗುವ ಗುಣ ಅದಕ್ಕಿದೆ, ಹಾಗಾಗಿ ಚರ್ಮ ದಾಟಿ ರಕ್ತಕ್ಕೆ ಸೇರುತ್ತದೆ. ಸುಣ್ಣ, ಸೋಪಿನಂಥ ಕ್ಷಾರ ಕೂಡಿದರೆ ಇನ್ನೂ ಸಲೀಸು. ಕವಳಕ್ಕೆ ಸುಣ್ಣ ಹಚ್ಚಿದಾಗ ಹೊಗೆಸೊಪ್ಪು ಬೇಗ ತಲೆಗೇರುವುದು ಇದಕ್ಕೇ. ಹೇನು ಸಾಯಲಿ ಎಂದು ನಾವು ಹಾಕುವ ಸೋಪು ನಮ್ಮ ಚರ್ಮಕ್ಕೂ ಅದೇ ಕೆಲಸ ಮಾಡುತ್ತದೆ.

ರಕ್ತಕ್ಕೆ ಬಂದ ನಿಕೊಟಿನ್ನನ್ನು ಪಿತ್ತಕೋಶ ಅಲ್ಲ, ಯಕೃತ್ತು ಅಂದರೆ ಲಿವರ್ ಬದಲಿಸುತ್ತದೆ. ನಿಕೊಟಿನ್ನಿನ ಕಣದಿಂದ ಎರಡು ಜಲಜನಕ ತೆಗೆದು ಒಂದು ಆಮ್ಲಜನಕ ಸೇರಿಸುತ್ತದೆ. ಆಗ ಆಗುವುದೇ ಕೊಟಿನಿನ್. ಹೆಸರೂ ಹಾಗೇ, ನಿಕೊಟಿನ್ ಎಂಬುದರ ಇಂಗ್ಲಿಷ್ ಅಕ್ಷರಗಳನ್ನೇ ಹಿಂದೆಮುಂದೆ ಮಾಡಿದ್ದು. ನೂರು ಪಾಲು ನಿಕೊಟಿನ್ನಿನಲ್ಲಿ ಸುಮಾರು 70ರಿಂದ 80 ಪಾಲು ಹೀಗೆ ಬದಲಾಗುತ್ತದೆ. ಕೊಟಿನಿನ್‌ಗೆ ನಿಕೊಟಿನ್ನಿನಷ್ಟು ವಿಷದ ಬಿರುಸು ಇಲ್ಲ. ಆದರೆ ಬೇಗ ಮೈ ಬಿಡುವುದಿಲ್ಲ. ನಿಕೊಟಿನ್ ಸುಮಾರು 2 ತಾಸಿಗೆ ಅರ್ಧಕ್ಕಿಳಿದರೆ ಕೊಟಿನಿನ್ ಅರ್ಧಕ್ಕಿಳಿಯಲು 16 ತಾಸಿನ ಆಸುಪಾಸು ಬೇಕು. ಹಾಗಾಗಿ ಮೂರು ದಿನದ ಮೇಲೂ ಮೂತ್ರದಲ್ಲಿ, ಜೊಲ್ಲಿನಲ್ಲಿ ಸುಳಿವು ಸಿಗುತ್ತದೆ. ಬೀಡಿ ಸೇದುವವರ ಪಕ್ಕದಲ್ಲಿ ಮಲಗುವ ಮಗುವಿನ ಮೂತ್ರದಲ್ಲೂ ಇದು ಕಾಣುತ್ತದೆ. ಬಾಯಿ ಸುಳ್ಳು ಹೇಳಬಹುದು, ಕೊಟಿನಿನ್ ಹೇಳುವುದಿಲ್ಲ.

ಗುಜರಾತಿನಲ್ಲಿ ಹಸಿ ತಂಬಾಕು ಕೊಯ್ಯುವ ಕೂಲಿಗಳಿಗೂ ಇದೇ ತಲೆಸುತ್ತು, ವಾಂತಿ. ಅಹಮದಾಬಾದಿನ ರಾಷ್ಟ್ರೀಯ ವೃತ್ತಿ ಆರೋಗ್ಯ ಸಂಸ್ಥೆಯವರು ಅವರ ಮೂತ್ರದಲ್ಲಿ ನಿಕೊಟಿನ್, ಕೊಟಿನಿನ್ ಎರಡನ್ನೂ ಅಳೆದರು. ಕೈಗವಸು ಹಾಕಿಸಿದಾಗ ಎರಡೂ ಇಳಿದವೆಂದು 1987ರಲ್ಲಿ ಪ್ರಕಟಿಸಿದರು. ಕಾರ್ಖಾನೆಯ ನಿಕೊಟಿನ್ ಸಲ್ಫೇಟ್ ಎಂಬ ಕೀಟನಾಶಕದ ಬಳಕೆಯನ್ನು ನಮ್ಮ ಸರಕಾರ 1992ರಲ್ಲೇ ನಿಷೇಧಿಸಿದೆ. ನಾವು ಬಕೆಟ್ಟಿನಲ್ಲಿ ತಯಾರಿಸುವುದೂ ಅದೇ ಜಾತಿಯ ವಿಷ, ನೀರು ಹೆಚ್ಚು ಅಷ್ಟೇ.

ಮನೆಯವಳು ಎರಡು ದಿನದಲ್ಲಿ ಸುಧಾರಿಸಿದಳು. ನಾನೀಗ ಹೇನಿಗೆ ಬೇವಿನ ಬೀಜದ ಕಷಾಯಕ್ಕೆ ಬದಲಾಗಿದ್ದೇನೆ. ಹೊಗೆಸೊಪ್ಪನ್ನೇ ಬಳಸುವವರಿಗೆ ನನ್ನ ಮಾತು ಇಷ್ಟು:

ಕೈಯಲ್ಲಿ ಹಿಂಡಬೇಡಿ, ಕೋಲಿನಿಂದ ಕದಡಿ ಬಟ್ಟೆಯಲ್ಲಿ ಸೋಸಿ. ರಬ್ಬರಿನ ಕೈಗವಸು ಹಾಕಿ. ಬಸುರಿಯರನ್ನೂ ಮಕ್ಕಳನ್ನೂ ಹತ್ತಿರ ಬಿಡಬೇಡಿ. ಮೈಗೆ ಚೆಲ್ಲಿದರೆ ಬಟ್ಟೆ ಕಳಚಿ ಧಾರಾಳ ನೀರಿನಲ್ಲಿ ತೊಳೆಯಿರಿ. ತಲೆ ತಿರುಗಿದರೆ ಕಾಯದೆ ಆಸ್ಪತ್ರೆಗೆ ಹೋಗಿ, ಏನು ಮುಟ್ಟಿದ್ದೆಂದು ಹೇಳಿ. ತಿನ್ನುವ ಸೊಪ್ಪಿಗೆ ಹೊಡೆಯಬೇಡಿ. ಬದನೆ, ಮೆಣಸು, ಟೊಮೆಟೊಗಳಿಗಂತೂ ಬೇಡವೇ ಬೇಡ, ಹೊಗೆಸೊಪ್ಪಿನ ನಂಜುರೋಗ ಅವಕ್ಕೂ ದಾಟುತ್ತದೆ.

ಗಿಡದಿಂದ ಬಂದದ್ದೆಲ್ಲ ಸಾಧು ಅಲ್ಲ. ಹೇನಿಗೆ ವಿಷವಾದದ್ದು ಹಿಂಡುವ ಕೈಗೂ ವಿಷವೇ.